ಎಡಗಡೆ ಸದ್ದು ವಾಪಸ್ ಬಂತು

ನನ್ನ ಹಳೆಯ ಆಂಪ್ಲಿಫೈಯರ್‌ನ ಎಡ ಚಾನೆಲ್ ಆಗಾಗ ಸತ್ತುಹೋಗುತ್ತಿತ್ತು. ವಾಲ್ಯೂಮ್ ಜಾಸ್ತಿ ಮಾಡಿದರೆ ಟಪ್ ಅಂತ ಜೀವ ಬರುತ್ತಿತ್ತು. ಕಂಪನಿಯವರನ್ನು ಕೇಳಿದರೆ, ‘ಆ ಮಾಡೆಲ್ ನಿಂತಿದೆ, ಹೊಸದು ತಗೊಳ್ಳಿ’ ಅಂದರು. ಸರ್ಕ್ಯೂಟ್ ನಕ್ಷೆಯನ್ನೂ ಕೊಡಲಿಲ್ಲ.

ಸ್ಪೀಕರ್‌ಗಳನ್ನು ಅದಲುಬದಲು ಮಾಡಿದೆ. ಆಗಲೂ ಎಡ ಚಾನೆಲ್ಲೇ ಸತ್ತಿತು. ಹಾಗಾದರೆ ತಪ್ಪು ಸ್ಪೀಕರ್‌ನದಲ್ಲ. ಪ್ಲಗ್ ಕಿತ್ತು, ಆಮೇಲೂ ಕರೆಂಟ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳು ಖಾಲಿಯಾಗಿವೆ ಅಂತ ಮೀಟರ್‌ನಲ್ಲಿ ನೋಡಿಕೊಂಡೇ ಒಳಗೆ ಕೈ ಹಾಕಿದೆ. (ಇದೊಂದನ್ನು ಮಾತ್ರ ಬಿಡಬೇಡಿ.)

ಒಳಗಡೆ ಬೇರೆಯೇ ಲೋಕ. ಪ್ರತಿ ಬಿಡಿಭಾಗದ ಪಕ್ಕ ಅದರ ನಂಬರ್. ಎಲ್ಲಿ ಅಳೆಯಬೇಕು, ಎಷ್ಟು ವೋಲ್ಟ್ ಇರಬೇಕು ಅಂತ ಬೋರ್ಡ್ ಮೇಲೇ ಅಚ್ಚು ಹಾಕಿದ್ದರು. ಮುಂದೆ ಯಾರೋ ಇದನ್ನು ಬಿಚ್ಚುತ್ತಾರೆ ಅಂತ ಆ ಎಂಜಿನಿಯರ್‌ಗೆ ಗೊತ್ತಿತ್ತು, ಅಲ್ವಾ? ಮಾರುವವರ ಮೇಲೆ ಸಿಟ್ಟಿತ್ತು, ಮಾಡಿದವರ ಮೇಲೆ ನಂಬಿಕೆ ಬಂತು.

ಕಳ್ಳ ಸಿಕ್ಕಿದ್ದು ಸ್ಪೀಕರ್ ಕಾಯುವ ರಿಲೇಯಲ್ಲಿ, ಅಂದರೆ ಕರೆಂಟಿನಿಂದ ತಾನೇ ಆನ್-ಆಫ್ ಆಗುವ ಸ್ವಿಚ್‌ನಲ್ಲಿ. ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಬಂದರೆ ಸ್ಪೀಕರ್ ಸುಡದಂತೆ ಸಂಪರ್ಕ ತಪ್ಪಿಸುವುದು ಅದರ ಕೆಲಸ. ಅದರ ಕಾಂಟ್ಯಾಕ್ಟ್‌ಗಳು ಕಪ್ಪಾಗಿದ್ದವು. ಸಣ್ಣ ಸಿಗ್ನಲ್ ಆ ಪದರ ದಾಟುತ್ತಿರಲಿಲ್ಲ, ದೊಡ್ಡದು ನುಗ್ಗಿಬಿಡುತ್ತಿತ್ತು. ಅದೇ 24 ವೋಲ್ಟ್‌ನ, ಕಾಲುಗಳು ಹೊಂದುವ ಹೊಸ ರಿಲೇ ಬೆಸುಗೆ ಹಾಕಿದೆ. ಔಟ್‌ಪುಟ್‌ನಲ್ಲಿ ಡಿಸಿ ಅಳೆದರೆ 9 ಮಿಲಿವೋಲ್ಟ್ ಅಷ್ಟೇ. ಈಗ ಎಷ್ಟು ಮೆಲ್ಲಗೆ ಇಟ್ಟರೂ ಎರಡೂ ಕಡೆ ಹಾಡುತ್ತಿದೆ.