ಹಸು ಕಂದು ಹಾಕಿದೆಯಾ? ಬರಿಗೈಯಲ್ಲಿ ಮುಟ್ಟಬೇಡಿ

ಯಲಹಂಕದಾಚೆಗೋ ಕೆಂಗೇರಿಯಾಚೆಗೋ ಹೋದರೆ ಈಗಲೂ ಕಾಣುತ್ತದೆ. ಥರ್ಟಿ ಫಾರ್ಟಿ ಸೈಟು, ಅರ್ಧದಲ್ಲಿ ಮನೆ, ಉಳಿದರ್ಧದಲ್ಲಿ ಶೀಟು ಹೊದಿಸಿದ ಕೊಟ್ಟಿಗೆ, ಅದರೊಳಗೆ ಎರಡೋ ಮೂರೋ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು. ಇಂಥ ಮನೆಯಲ್ಲಿ 7 ತಿಂಗಳ ಗಬ್ಬದ ಹಸು ಒಂದು ಬೆಳಗ್ಗೆ ಕಂದು ಹಾಕಿಬಿಟ್ಟರೆ, ಅಂದರೆ ದಿನ ತುಂಬುವ ಮೊದಲೇ ಗಬ್ಬ ಹೋದರೆ, ಏನು ಮಾಡಬೇಕೆಂದೇ ತೋಚುವುದಿಲ್ಲ. ಹೊಟ್ಟೆ ಉರಿಯುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ. ಆ ಕೈಯನ್ನು ಅಲ್ಲೇ ತಡೆಯಿರಿ.

ಕಂದು ಹಾಕಲು ಕಾರಣ ಹಲವು. ಆದರೆ 5 ತಿಂಗಳು ದಾಟಿದ ಮೇಲೆ ಗಬ್ಬ ಹೋದರೆ ಮೊದಲು ಅನುಮಾನಿಸಬೇಕಾದ್ದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ. ಇದು ಮನುಷ್ಯರಿಗೂ ಅಂಟುತ್ತದೆ. ಸತ್ತ ಕರು, ಮಾಸು (ಕರುವಿನ ಹಿಂದೆ ಬೀಳುವ ಗರ್ಭದ ಪೊರೆ), ಅದರ ಜೊತೆ ಬರುವ ನೀರು, ಈ ಮೂರರಲ್ಲೇ ರೋಗಾಣು ಅತಿ ಜಾಸ್ತಿ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಂದು ರೋಗವೇ ಅಂದುಕೊಂಡು ನಡೆಯಿರಿ.

ಮೊದಲ ಗಂಟೆ

ಮಕ್ಕಳನ್ನು, ಬಸುರಿಯರನ್ನು ಕೊಟ್ಟಿಗೆಯಿಂದ ದೂರ ಕಳಿಸಿ. ನಾಯಿಯನ್ನು ಓಡಿಸಿ, ಬಾಗಿಲು ಹಾಕಿ. ಬೀದಿನಾಯಿ ಮಾಸನ್ನು ಕಚ್ಚಿಕೊಂಡು ಹೋದರೆ ರೋಗವೂ ಬೀದಿಗೆ ಹೋದಂತೆ. ಉಳಿದ ಹಸುಗಳನ್ನು ಬೇರೆ ಕಡೆ ಕಟ್ಟಿ. ಅವು ಮೂಸುತ್ತವೆ, ನೆಕ್ಕುತ್ತವೆ, ಹಾಗೇ ರೋಗ ಹತ್ತುತ್ತದೆ. ಆಮೇಲೆ ಪಶು ಆಸ್ಪತ್ರೆಗೋ ಪಶು ಸಹಾಯವಾಣಿ 1962ಕ್ಕೋ ಫೋನ್ ಮಾಡಿ.

ಮಾಸು ಬೀಳದೆ ನೇತಾಡುತ್ತಿದ್ದರೆ ಎಳೆಯಬೇಡಿ, ಅದು ಡಾಕ್ಟರ ಕೆಲಸ. ಕೆಳಗೆ ಬಿದ್ದದ್ದನ್ನು ಎತ್ತಲು ಉದ್ದನೆಯ ಗ್ಲೌಸ್ ಹಾಕಿ, ಮೂಗು ಬಾಯಿ ಕಣ್ಣು ಮುಚ್ಚಿಕೊಳ್ಳಿ. ಗ್ಲೌಸ್ ಇಲ್ಲವೇ? ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಮೊಣಕೈವರೆಗೆ ಕೈ ತೂರಿಸಿ. ಚೀಲದ ಸಮೇತ ಮಾಸನ್ನು ಹಿಡಿದು, ಇನ್ನೊಂದು ಕೈಯಲ್ಲಿ ಚೀಲದ ಬಾಯನ್ನು ಒಳಮಗ್ಗುಲು ಹೊರಗೆ ಬರುವಂತೆ ಮಾಸಿನ ಮೇಲೆ ಮಗುಚುತ್ತಾ ಬನ್ನಿ. ಮಾಸು ಒಳಗೆ ಉಳಿಯುತ್ತದೆ, ನಿಮ್ಮ ಕೈ ಒಣಗಿದ್ದಂತೆಯೇ ಹೊರಗೆ ಬರುತ್ತದೆ. ಗಂಟು ಹಾಕಿ. ಆಮೇಲೂ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಕೈಯಲ್ಲಿ ಗಾಯವಿದ್ದರೆ ಈ ಕೆಲಸವನ್ನೇ ಬೇರೆಯವರಿಗೆ ಬಿಡಿ.

ಡಾಕ್ಟರು ಮಾದರಿ ತೆಗೆದುಕೊಂಡ ಮೇಲೆ ಎಲ್ಲವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು. ನಾಯಿ ಕೆದಕಿದರೂ ಸಿಗಬಾರದು. ಜಾಗವಿಲ್ಲದವರು ಡಾಕ್ಟರನ್ನೂ ಪಾಲಿಕೆಯವರನ್ನೂ ಕೇಳಿ. ಮೋರಿಗೆ, ಕೆರೆ ಅಂಚಿಗೆ, ಕಸದ ಗಾಡಿಗೆ ಮಾತ್ರ ಹಾಕಬೇಡಿ. ಗಾಡಿಯ ಕೆಲಸದವರೂ ಮನುಷ್ಯರೇ ಅಲ್ವಾ? ನೆಲದ ಸಗಣಿ ಪೂರ್ತಿ ಬಳಿದು, ನಂತರ ಬ್ಲೀಚಿಂಗ್ ಪುಡಿ ಕಲಸಿದ ನೀರು ಹಾಕಿ. ಸಗಣಿಯ ಮೇಲೇ ಸುರಿದರೆ ಅದರ ಶಕ್ತಿ ಹೋಗುತ್ತದೆ. ನೆರಳು, ತೇವ ಇರುವ ಕಡೆ ಈ ರೋಗಾಣು ತಿಂಗಳುಗಟ್ಟಲೆ ಬದುಕುತ್ತದೆ. ಬಿಸಿಲು ಬಿದ್ದರೆ ಬೇಗ ಸಾಯುತ್ತದೆ. ಶೀಟನ್ನು ಒಂದು ಕಡೆ ಸರಿಸಿ, ಬಿಸಿಲು ಬರಲಿ.

ಮುಂದಿನ ವಾರಗಳು

ಹಸುವನ್ನು ಕನಿಷ್ಠ 3 ವಾರ ಬೇರೆ ಕಟ್ಟಿ. ಸ್ರಾವ ನಿಂತಿರಬೇಕು. ರಕ್ತ ಪರೀಕ್ಷೆ ಮಾಡಿಸಿ. ಕಂದು ಹಾಕಿದ ದಿನವೇ ತೆಗೆದ ರಕ್ತದಲ್ಲಿ ರೋಗ ಕಾಣದೆಯೂ ಇರಬಹುದು, ಆದ್ದರಿಂದ 2-3 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು.

ಇಲ್ಲೇ ಬಹಳ ಜನ ಮೋಸ ಹೋಗುವುದು. ರೋಗ ಹತ್ತಿದ ಹಸು ಸಾಮಾನ್ಯವಾಗಿ ಒಂದೇ ಸಲ ಕಂದು ಹಾಕುತ್ತದೆ. ಮುಂದಿನ ಸಲ ದಿನ ತುಂಬಿ ಚೆನ್ನಾಗಿರುವ ಕರುವನ್ನೇ ಈಯುತ್ತದೆ. ಮನೆಯವರು ‘ವಾಸಿಯಾಯ್ತು’ ಅಂದುಕೊಳ್ಳುತ್ತಾರೆ. ವಾಸಿಯಾಗಿರುವುದಿಲ್ಲ. ಹಾಲಿನಲ್ಲಿ, ಪ್ರತಿ ಸಲ ಈದಾಗ ಬೀಳುವ ಮಾಸಿನಲ್ಲಿ ರೋಗಾಣು ಬರುತ್ತಲೇ ಇರಬಹುದು. ಹಸುವಿನಲ್ಲಿ ಇದಕ್ಕೆ ನಂಬುವಂಥ ಔಷಧಿ ಇಲ್ಲ. ಸುಮ್ನೆ ಸಂತೆಗೆ ಹೊಡೆದರೆ ಇನ್ನೊಬ್ಬರ ಕೊಟ್ಟಿಗೆ ಹಾಳಾಗುತ್ತದೆ. ನಷ್ಟ ದೊಡ್ಡದು, ನಿಜ. ಆದರೂ ಹೇಳದೆ ಮಾರುವುದು ತಪ್ಪು ಎಂದೇ ನನ್ನ ಮಾತು. ಹೊಸ ಹಸು ತರುವವರೂ ಪರೀಕ್ಷೆ ಮಾಡಿಸಿ ತರಲಿ, ಒಂದು ತಿಂಗಳು ಬೇರೆ ಕಟ್ಟಲಿ.

ಹಾಲನ್ನು ಉಕ್ಕುವವರೆಗೆ ಕಾಯಿಸಿ ಕುಡಿಯಿರಿ. ನೊರೆಹಾಲು ಬೇಡ. ಪಂಚಾಮೃತಕ್ಕೂ ಕಾಯಿಸಿ ಆರಿಸಿದ ಹಾಲು ಬಳಸಿ.

ಕರುವಿಗೆ ಲಸಿಕೆ

ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಂದೇ ಒಂದು ಸಲ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಇದು ಉಚಿತ. ಗಂಡು ಕರುವಿಗೆ, ಗಬ್ಬದ ಹಸುವಿಗೆ ಹಾಕುವುದಿಲ್ಲ. ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಸೂಜಿ ಹಾಕುವವರಿಗೇ ಚುಚ್ಚಿಕೊಂಡರೆ ಅಪಾಯ, ಆದ್ದರಿಂದ ಕರುವನ್ನು ಗಟ್ಟಿಯಾಗಿ ಹಿಡಿದುಕೊಡಿ.

ನಿಮಗೆ ಜ್ವರ ಬಂದರೆ

ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು, ಏಳಲಾಗದ ಸುಸ್ತು, ಇವು ಮನುಷ್ಯರಲ್ಲಿ ಈ ರೋಗದ ಲಕ್ಷಣ. ಟೈಫಾಯ್ಡ್ ಎಂದೋ ವಾತ ಎಂದೋ ತಿಂಗಳುಗಟ್ಟಲೆ ಅಲೆದವರಿದ್ದಾರೆ. ಡಾಕ್ಟರ ಮುಂದೆ ಕೂತ ತಕ್ಷಣ ‘ಮನೆಯಲ್ಲಿ ಹಸು ಇದೆ, ಕಂದು ಹಾಕಿತ್ತು’ ಅಂತ ನೀವೇ ಹೇಳಿ. ಅವರು ಕೇಳುತ್ತಾರೆಂದು ಕಾಯಬೇಡಿ. ಮನುಷ್ಯರಿಗೆ ಔಷಧಿ ಇದೆ, ಸಾಮಾನ್ಯವಾಗಿ ಎರಡು ಬಗೆಯದು, 6 ವಾರ. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಅದು ಮತ್ತೆ ಬರುತ್ತದೆ.