ಹೆಡ್ ಗ್ಯಾಸ್ಕೆಟ್ ಹಾಕಿದ ಮ್ಯಾಲೂ ಬಿಳಿ ಹೊಗಿ: ಮತ್ತ ಹೆಡ್ ಬಿಚ್ಚೂಕಿಂತ ಮೊದ್ಲ ನಾ ಏನ್ ನೋಡ್ದೆ

ನಾ ವಿಜಯಪುರ ಕಡೆಯಾಂವ, ಪುಣೆ ಭೋಸರಿಯೊಳಗ ಗ್ಯಾರೇಜ್ ಇಟ್ಕೊಂಡೀನಿ. ಹೋದ ಚಳಿಗಾಲದಾಗ ಕಲಬುರಗಿಯವ್ರೊಬ್ರು ಹಳೇ ಪೆಟ್ರೋಲ್ ಗಾಡಿ ತಂದ್ರು, ಬೋರ್ ಘಾಟ್ ಏರುವಾಗ ಕಾದು ನಿಂತಿತ್ತಂತ, ಬ್ಯಾರೆ ಕಡೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮ್ಯಾಲಿನ ಹೆಡ್‌ಗೂ ನಡುವ ಕೂಡೋ ಸೀಲ್) ಹಾಕ್ಸ್ಯಾರ, ಆದ್ರೂ ಸೈಲೆನ್ಸರ್‌ನಿಂದ ಬಿಳಿ ಹೊಗಿ. "ಅಣ್ಣಾರ, ಮತ್ತ ಬಿಚ್ಚೂದೇನ್ರೀ?" ಅಂದ್ರು. ತಡೀರಿ ಅಂದೆ.

ಒಂದ್ ಲೀಟರ್ ಪೆಟ್ರೋಲ್ ಸುಟ್ರ ಹತ್ರಹತ್ರ ಒಂದ್ ಲೀಟರ್ ನೀರು ಹುಟ್ತೈತಿ, ಥಂಡಿ ಮುಂಜಾನೆ ಅದ ಉಗಿಯಾಗಿ ಕಾಣ್ತೈತಿ, ಇಂಜಿನ್ ಕಾದ ಮ್ಯಾಲೆ ಹೋಗ್ತೈತಿ. ಅದಲ್ದ, ಗ್ಯಾಸ್ಕೆಟ್ ಹೋದಾಗ ಕೂಲಂಟ್ (ಇಂಜಿನ್ ತಂಪಿಡೋ ನೀರು) ಸೈಲೆನ್ಸರ್ ಒಳಗೂ ಹೋಗಿ ಕುಂತಿರ್ತೈತಿ, ಎಷ್ಟ್ ಛಲೋ ಕೆಲಸ ಮಾಡಿದ್ರೂ ಅದು ಆರೂತನಕ ಹೊಗಿ ಬರೂದ. ನಿಂತಲ್ಲೇ ಐಡ್ಲಿಂಗ್ ಬಿಟ್ರ ಹಿಂದಿನ ಡಬ್ಬಿ ಸರಿಯಾಗಿ ಕಾಯೂದಿಲ್ಲ, ಲೋಡ್ ಕೊಟ್ಟು ಓಡಿಸ್ಬೇಕು. ನಾ ನಾಶಿಕ್ ರೋಡ್ ಹಿಡದು ಮೋಶಿ ದಾಟಿ ಚಾಕಣ ತನಕ ಹೋಗಿ ಬಂದೆ. (ನಸುಕಿನ್ಯಾಗ ಹೋಗ್ರಿ, ಆಮ್ಯಾಲೆ ಆ ರೋಡ್‌ನ್ಯಾಗ ಓಡಿಸಿದ್ರೂ ಐಡ್ಲಿಂಗ ಆಗ್ತೈತಿ.)

ಹೊಗಿ ಕಮ್ಮಿ ಆತು, ನಿಲ್ಲಲಿಲ್ಲ, ಅದಕ್ಕೊಂಥರಾ ಸೀ ವಾಸನಿ ಬ್ಯಾರೆ. ಎಣ್ಣಿ ಸುಡ್ತಿದ್ರ ನೀಲಿ ಛಾಯೆ ಇರ್ತೈತಿ, ಗಾಳ್ಯಾಗ ತೇಲ್ತಾ ನಿಲ್ತೈತಿ, ವಾಲ್ವ್ ಸೀಲ್ ನೋಡ್ಬೇಕಾಗ್ತೈತಿ. ಡೀಸೆಲ್ ಗಾಡಿ ಆಗಿದ್ರ ಕಣ್ಣು ಉರಿಯೋ ಬಿಳಿ ಹೊಗಿಗೆ ಇಂಜೆಕ್ಟರ್, ಟೈಮಿಂಗ್ ಮೊದ್ಲ ನೋಡ್ತಿದ್ದೆ. ಇಲ್ಲಿ ಕೂಲಂಟ್ ಮ್ಯಾಲೆನ ಸಂಶಯ, ಆದ್ರ ವಾಸನಿ ನಂಬಿ ಹೆಡ್ ಬಿಚ್ಚಾಕಾಗೂದಿಲ್ಲ, ಆ ಹೊಗಿಗೆ ಮೂಗ್ ಹಿಡದು ನಿಲ್ಲೂದೂ ಛಲೋ ಅಲ್ಲ.

ನಾ ನಂಬೂದು ಕೂಲಂಟ್ ಲೆವೆಲ್. ಕೆಲಸ ಆದ ಹೊಸದ್ರಾಗ ಒಳಗಿನ ಗಾಳಿ ಹೊರಗ ಬಂದ್ರೂ ಲೆವೆಲ್ ಇಳೀತೈತಿ, ಹಂಗಾಗಿ ಒಮ್ಮೆ ಪೂರಾ ಕಾಸಿ, ಆರಿಸಿ, ತುಂಬಿಸಿ, ಆಮ್ಯಾಲೆ ಕೂಲಂಟ್ ಬಾಟ್ಲಿ ಮ್ಯಾಲೆ ಮಾರ್ಕರ್‌ಲೆ ಗೆರಿ ಹೊಡದೆ. ಓಡಿಸಿ ಬಂದು ಥಂಡ ಆದ ಮ್ಯಾಲೆ ನೋಡಿದ್ರ ಗೆರಿಗಿಂತ ಕೆಳಗ, ಹೊರಗ ಎಲ್ಲೂ ಸೋರಿಕಿ ಇಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದ್ರ ಮೂರನೇದು ತೊಳದಿಟ್ಟಂಗ ಬೆಳ್ಳಗ, ಉಳದ್ವು ಕಂದು ಬಣ್ಣ, ಅಂದ್ರ ಕೂಲಂಟ್ ಮೂರನೇ ಸಿಲಿಂಡರ್‌ಗೆ ಇಳೀತಿರ್ಬೇಕು.

ರೇಡಿಯೇಟರ್‌ಗೆ ಪ್ರೆಶರ್ ಪಂಪ್ ಹಚ್ಚಿ ಕ್ಯಾಪ್ ಮ್ಯಾಲೆ ಬರದಷ್ಟ 0.9 ಬಾರ್ ಕೊಟ್ಟು ರಾತ್ರಿಯೆಲ್ಲಾ ಬಿಟ್ಟೆ. ಮುಂಜಾನೆ ಪ್ಲಗ್ ಎಲ್ಲಾ ತಗದು, ಇಗ್ನಿಷನ್ ಕನೆಕ್ಷನ್ ಬಿಡಿಸಿ, ದೂರ ನಿಂತು ಕ್ರ್ಯಾಂಕ್ ಮಾಡ್ಸಿದ್ರ (ಸ್ಟಾರ್ಟರ್‌ಲೆ ಇಂಜಿನ್ ತಿರುಗಿಸಿದ್ರ) ಮೂರನೇ ಸಿಲಿಂಡರ್‌ನಿಂದ ಹಸಿರು ಕೂಲಂಟ್ ಚಿಮ್ಮಿತು. ಅವ್ರನ್ನ ಕರದು ತೋರ್ಸೇ ಹೆಡ್ ಬಿಚ್ಚಿದೆ, ಕಣ್ಣಾರೆ ನೋಡಿದ್ರ ಬಿಲ್ಲಿಗೆ ಜಗಳ ಇರೂದಿಲ್ಲ.

ಹೆಡ್ ಮ್ಯಾಲೆ ಸ್ಟ್ರೇಟ್ ಎಡ್ಜ್ (ನೆಟ್ಟನ ಪಟ್ಟಿ) ಇಟ್ಟು ಸಂದಿನ್ಯಾಗ ಫೀಲರ್ ಗೇಜ್ (ಸಂದಿ ಅಳಿಯೋ ತೆಳು ತಗಡು) ತೂರ್ಸಿದ್ರ ಹೆಡ್ ಬಾಗಿತ್ತು. ಇಂಥ ಸಣ್ಣ ಅಲ್ಯೂಮಿನಿಯಂ ಹೆಡ್‌ಗೆ ಸಾಮಾನ್ಯವಾಗಿ 0.05 ಮಿ.ಮೀ. ಮಿತಿ, ಇದು ದಾಟಿತ್ತು. ಫೇಸಿಂಗ್ (ಹೆಡ್‌ನ ತಳ ಕೊರದು ಮಟ್ಟಸ ಮಾಡೂದು) ಮಾಡಿಸಲಾರ್ದ ಹಂಗ ಹೊಸ ಗ್ಯಾಸ್ಕೆಟ್ ಕುಂದರಿಸಿದ್ರ ಅದು ಎಷ್ಟ್ ದಿನ ತಡದೀತು! ಹೆಡ್ ಕ್ರ್ಯಾಕ್ ಐತೇನು ಟೆಸ್ಟ್ ಮಾಡ್ಸಿ, ಫೇಸಿಂಗ್ ಮಾಡ್ಸಿ, ಬ್ಲಾಕಿನ ಬೋಲ್ಟ್ ತೂತಿನೊಳಗಿನ ನೀರು ಗಾಳಿ ಹೊಡದು ತಗದೆ, ಅದು ಒಳಗ ಉಳದ್ರ ಬೋಲ್ಟಿನ ಟಾರ್ಕ್ (ಬಿಗಿ ಮಾಡೋ ಅಳತಿ) ಸುಳ್ಳು ತೋರಸ್ತೈತಿ. ಇಂಜಿನ್ ಆಯಿಲ್, ಫಿಲ್ಟರ್ ಎರಡೂ ಬದಲಿಸಿ ಗಾಡಿ ಕೊಟ್ಟೆ, ಸೈಲೆನ್ಸರ್ ಆರೂತನಕ ಹೊಗಿ ಕಾಣ್ತೈತಿ, ಅದನ್ನ ನೋಡಬ್ಯಾಡ್ರಿ, ಗೆರಿ ನೋಡ್ರಿ ಅಂತ ಹೇಳಿ.