ಒಲೆಯ ಬೂದಿ: ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು

ಜಾಲರಿ ಇರುವ ಸಣ್ಣ ಕಬ್ಬಿಣದ ಒಲೆ ಹೊಗೆಯಾಡತೊಡಗಿದರೆ ಬೈಗುಳ ಬೀಳುವುದು ಕಟ್ಟಿಗೆಗೆ. ಹಸಿ ಕಟ್ಟಿಗೆ ಹೊಗೆ ಕೊಡುವುದು ನಿಜವೇ. ಆದರೆ ಚೆನ್ನಾಗಿ ಒಣಗಿದ ಜಾಲಿ ಇಟ್ಟರೂ ರೊಟ್ಟಿ ಬಡಿಯುವ ಹೊತ್ತಿಗೆ ಉರಿ ಮಲಗುತ್ತಿದ್ದರೆ ಕೆಳಗಿನ ಬಾಗಿಲು ತೆಗೆದು ನೋಡಿ. ಬಹಳ ಸಲ ಬೂದಿ ಜಾಲರಿಯ ತಳ ಮುಟ್ಟಿರುತ್ತದೆ. ಗಾಳಿ ಕೆಳಗಿನಿಂದ ಬಂದು, ಜಾಲರಿಯ ಸಂದಿ ಹಾದು, ಕೆಂಡ ಸೇರಬೇಕು. ಆ ದಾರಿ ಮುಚ್ಚಿದ ಮೇಲೆ ಊದುಗೊಳವೆ ಹಿಡಿದರೆ ಬೂದಿ ಮುಖಕ್ಕೆ ಹಾರುತ್ತದೆಯೇ ಹೊರತು ಉರಿ ಏಳುವುದಿಲ್ಲ. ಜಾಲರಿಯನ್ನು ತಂಪಾಗಿಡುವುದೂ ಇದೇ ಗಾಳಿ. ಅದು ನಿಂತರೆ ಜಾಲರಿ ಕೆಂಪಗೆ ಕಾದು ಬಾಗುತ್ತದೆ. ಬೀಡುಕಬ್ಬಿಣದ್ದಾದರೆ ಬಡಿದು ನೆಟ್ಟಗೆ ಮಾಡಲು ಹೋಗಬೇಡಿ, ಒಡೆಯುತ್ತದೆ.

ಉರುವಲು ನೋಡಿ ಲೆಕ್ಕ ಹಾಕಿ

ವಾರಕ್ಕೊಮ್ಮೆ ತೆಗೆದರೆ ಸಾಕು ಎಂಬ ಮಾತು ಎಲ್ಲ ಮನೆಗೂ ಹೊಂದುವುದಿಲ್ಲ. 10 ಕೆ.ಜಿ. ಒಣ ಕಟ್ಟಿಗೆ ಪೂರ್ತಿ ಸುಟ್ಟರೆ ಉಳಿಯುವುದು ಸುಮಾರು 100ರಿಂದ 200 ಗ್ರಾಂ ಬೂದಿ. ಹತ್ತಿಕಟ್ಟಿಗೆಯಲ್ಲಿ ಅದಕ್ಕಿಂತ ಎರಡು-ಮೂರು ಪಟ್ಟು ಹೆಚ್ಚು. ಕುಳ್ಳಿನದು 2 ಕೆ.ಜಿ. ದಾಟಿದರೂ ಅಚ್ಚರಿಯಿಲ್ಲ, ಏಕೆಂದರೆ ತಟ್ಟುವಾಗ ಸೇರಿದ ಮಣ್ಣೂ ಅದರಲ್ಲೇ ಇರುತ್ತದೆ. ಕುಳ್ಳು ಉರಿಸುವವರು ದಿನಾ ಬೆಳಿಗ್ಗೆ ತೆಗೆಯಲಿ. ಉಳಿದವರಿಗೆ ಬೂದಿಯ ತಟ್ಟೆ ಅರ್ಧ ತುಂಬಿದ್ದೇ ಗುರುತು.

ಬೂದಿಯ ಬಣ್ಣವನ್ನೂ ನೋಡಿ. ಬೆಳ್ಳಗೆ, ನುಣ್ಣಗಿದ್ದರೆ ಒಲೆ ಸರಿಯಾಗಿ ಉರಿದಿದೆ. ಕರಿ ಇದ್ದಿಲ ತುಂಡುಗಳೇ ತುಂಬಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಜಾಲರಿಯ ಸಂದಿ ಅಗಲವಾಗಿ ಕೆಂಡ ಕೆಳಗೆ ಉದುರುತ್ತಿದೆ. ಸಣ್ಣ ಒಲೆಗೆ 10–12 ಮಿ.ಮೀ. ಸಂದಿ ಸಾಕು. ಇದ್ದಿಲನ್ನು ಜರಡಿ ಹಿಡಿದು ಮತ್ತೆ ಒಲೆಗೆ ಹಾಕಿ, ಅದು ದುಡ್ಡು ಕೊಟ್ಟ ಉರುವಲು.

ತೆಗೆಯುವ ಬಗೆ

ಬೇಕಾಗುವುದು ತುದಿಯನ್ನು ಎರಡು ಇಂಚು ಬಾಗಿಸಿದ 8 ಮಿ.ಮೀ. ಸಲಾಕೆ, ಖುರ್ಪಿ, ಮುಚ್ಚಳವಿರುವ ತಗಡಿನ ಡಬ್ಬಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ರಾತ್ರಿ ಆರಿದ ಒಲೆಯನ್ನು ಬೆಳಿಗ್ಗೆ ಹಚ್ಚುವ ಮೊದಲು ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಮೊದಲು ಮೇಲಿನ ಇದ್ದಿಲನ್ನು ಒಂದು ಬದಿಗೆ ಸರಿಸಿ. ಸಲಾಕೆಯ ಕೊಕ್ಕೆಯನ್ನು ಜಾಲರಿಯ ಒಂದೊಂದೇ ಸಂದಿಗೆ ಇಳಿಸಿ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಹಿಂದಿನ ಎರಡು ಮೂಲೆಗಳನ್ನು ಮರೆಯಬೇಡಿ, ಗಟ್ಟಿ ಬೂದಿ ಕೂರುವುದು ಅಲ್ಲೇ. ಗಾಜಿನಂತೆ ಕರಗಿ ಅಂಟಿದ ಕಿಟ್ಟ ಸಿಕ್ಕರೆ ಒಲೆ ಪೂರ್ತಿ ತಣ್ಣಗಾದ ಮೇಲೆಯೇ ಎಬ್ಬಿಸಿ. ಈ ಕಿಟ್ಟದ ಮೂಲ ಹತ್ತಿಕಟ್ಟಿಗೆಯ ಬೇರು. ಬುಡಸಮೇತ ಕಿತ್ತ ಗಿಡದ ಬೇರಿಗೆ ಎರೆಮಣ್ಣು ಹಿಡಿದಿರುತ್ತದೆ. ಬೂದಿಯಲ್ಲಿನ ಪೊಟ್ಯಾಶ್ ಈ ಮಣ್ಣಿನ ಜೊತೆ ಸೇರಿ ಹೆಚ್ಚಿನ ಶಾಖಕ್ಕೆ ಕರಗುತ್ತದೆ. ಒಲೆಗಿಡುವ ಮೊದಲು ಬೇರನ್ನು ಕಲ್ಲಿಗೆ ಬಡಿದು ಮಣ್ಣು ಉದುರಿಸಿ, ಇಲ್ಲವೇ ಬುಡ ಕತ್ತರಿಸಿಬಿಡಿ.

ಬಿದ್ದ ಬೂದಿಯನ್ನು ಖುರ್ಪಿಯಲ್ಲಿ ತುಂಬಿ, ಡಬ್ಬಿಯ ತಳಕ್ಕೆ ತಾಗಿಸಿ ಮೆಲ್ಲಗೆ ಸುರಿಯಿರಿ. ಜಾಲರಿಯ ಕೆಳಗೆ ಏನೂ ಉಳಿಯಬಾರದು. ಜಾಲರಿಯಿಲ್ಲದ ಮಣ್ಣಿನ ಒಲೆಯ ಮಾತು ಬೇರೆ: ಅಲ್ಲಿ ಒಂದು ಇಂಚು ಬೂದಿ ಬಿಟ್ಟರೆ ತಳದ ಶಾಖ ನೆಲಕ್ಕೆ ಹೋಗದೆ ಕೆಂಡ ತಾಳುತ್ತದೆ.

ಬಿಸಿ ಒಲೆಗೆ ನೀರು ಚಿಮುಕಿಸುವ ರೂಢಿ ಬಿಡಿ. ಬೀಡುಕಬ್ಬಿಣ ಸೀಳುತ್ತದೆ, ತಗಡಿನ ತಟ್ಟೆ ಒದ್ದೆ ಬೂದಿಗೆ ಬೇಗ ತುಕ್ಕು ಹಿಡಿಯುತ್ತದೆ.

ಬೂದಿಯಲ್ಲಿ ಅಡಗಿದ ಕೆಂಡ

ಬೂದಿ ಮುಚ್ಚಿದ ಕೆಂಡ ಎರಡು-ಮೂರು ದಿನ ಜೀವ ಹಿಡಿದಿರಬಲ್ಲದು. ಅದಕ್ಕೇ ಪ್ಲಾಸ್ಟಿಕ್ ಪುಟ್ಟಿ, ಗೋಣಿಚೀಲ ಬೇಡ. ಡಬ್ಬಿಯನ್ನು ಮುಚ್ಚಿ, ಕಲ್ಲಿನ ಮೇಲೆ, ಕಟ್ಟಿಗೆಯ ರಾಶಿಯಿಂದ ದೂರ ಇಡಿ. ಮೂರು ದಿನ ಕಳೆಯದೆ ತಿಪ್ಪೆಗೆ ಸುರಿಯಬೇಡಿ, ಅದರಲ್ಲೂ ಬೇಸಿಗೆಯಲ್ಲಿ ಮೇವಿನ ಬಣವೆ ಪಕ್ಕದಲ್ಲಿದ್ದರೆ. ಗದಗ ಕಡೆಯ ಆಷಾಢದ ಗಾಳಿಯಲ್ಲಂತೂ ಗಾಳಿಗೆ ಬೆನ್ನು ಕೊಟ್ಟೇ ಸುರಿಯಬೇಕು.

ಬೂದಿ ತೆಗೆದ ಮೇಲೂ ಹೊಗೆ ಮನೆಯೊಳಗೇ ಬಂದರೆ ಚಿಮಣಿಯ ತಿರುವನ್ನು ಬಿಚ್ಚಿ. ಹಾರುಬೂದಿಯೂ ಮಸಿಯೂ ಅಲ್ಲಿ ಒಟ್ಟಾಗಿ ಕಟ್ಟಿಕೊಂಡಿರುತ್ತವೆ. ತಿಂಗಳಿಗೊಮ್ಮೆ ಕೊಳವೆಯನ್ನು ಕೋಲಿನಿಂದ ತಟ್ಟಿ ಉದುರಿಸಿ.

ಎಲ್ಲಿಗೆ ಹಾಕುವುದು?

ನವಲಗುಂದ, ಅಣ್ಣಿಗೇರಿ, ರೋಣದ ಎರೆಭೂಮಿಗೆ ಬೂದಿ ಸುರಿಯುವುದರಿಂದ ಲಾಭ ಕಡಿಮೆ. ಅಲ್ಲಿನ ಮಣ್ಣಿನಲ್ಲಿ ಕ್ಷಾರವೂ ಸುಣ್ಣವೂ ಮೊದಲೇ ಸಾಕಷ್ಟಿವೆ, ಬೂದಿ ಅದನ್ನೇ ಏರಿಸುತ್ತದೆ. ಕಲಘಟಗಿ, ಹಾನಗಲ್ ಕಡೆ ಮಣ್ಣು ಹುಳಿಯಾಗಿದ್ದರೆ ಕಾಂಪೋಸ್ಟಿನ ಜೊತೆ ತೆಳ್ಳಗೆ ಬೆರೆಸಬಹುದು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅನುಮಾನವೇ ಉಳಿಯುವುದಿಲ್ಲ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.

ಪಾತ್ರೆ ತಿಕ್ಕಲು ಬೂದಿಯನ್ನು ಸಾಣಿಗೆ ಹಿಡಿಯಿರಿ, ಹರಳು ಗೀರು ಬೀಳಿಸುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮುಟ್ಟಿಸಬೇಡಿ, ಕ್ಷಾರ ಅದನ್ನು ತಿಂದು ಕಪ್ಪಾಗಿಸುತ್ತದೆ. ಬಣ್ಣ ಹಚ್ಚಿದ ಹಳೆಯ ಬಾಗಿಲು, ಪ್ಲೈವುಡ್ ಸುಟ್ಟ ಬೂದಿ ಪಾತ್ರೆಗೂ ಹೊಲಕ್ಕೂ ಬೇಡ, ಆ ಕಟ್ಟಿಗೆಯನ್ನು ಅಡುಗೆ ಒಲೆಗೆ ಹಾಕುವುದೇ ತಪ್ಪು.